ಯಾರದೋ ಬಿಟ್ಟುಹೋದ ಬೀಗ

ಟಕ್!

ಬೀಗ ತೆಗೆದ ಶಬ್ದ.

ನನ್ನ ಬೀಗ ಅದು. ಅದರ ಕೀ ನನ್ನ ಪ್ಯಾಂಟಿನ ಜೇಬಲ್ಲಿತ್ತು. ಪ್ಯಾಂಟು ನನ್ನ ಮೈಮೇಲೇ ಇತ್ತು. ಆದರೂ ಬೀಗ ತೆಗೀತು!

ನಾನೆಲ್ಲಿದ್ದೆ ಅಂತೀರಾ? ಸೋಪಿನ ಪುಡಿ ಕಲೆಸೋ ಮಿಕ್ಸರ್ ಒಳಗೆ. ಅಡುಗೆಮನೆ ಮಿಕ್ಸರ್ ಅಂದ್ಕೋಬೇಡಿ. ಇದು ಲಾರಿಯಷ್ಟು ಉದ್ದದ ಉಕ್ಕಿನ ತೊಟ್ಟಿ. ನಡುವೆ ತೊಡೆ ದಪ್ಪದ ಶಾಫ್ಟು, ಅದರ ಸುತ್ತ ಅಂಗೈ ಅಗಲದ ಬ್ಲೇಡುಗಳು. ಎರಡು ಬ್ಲೇಡಿನ ಮಧ್ಯೆ ಮಂಡಿಯೂರಿ ಕೂತು ಮೊಬೈಲಲ್ಲಿ ಫೋಟೋ ತೆಗೀತಿದ್ದೆ. ಹೊರಗೆ ಹೋಗೋಕೆ ಒಂದೇ ದಾರಿ, ತಲೆ ಮೇಲಿರೋ ದುಂಡನೆಯ ಬಾಯಿ.

ಕರ್ರ್... ತೊಟ್ಟಿಯ ಹೊರಮೈಗೇ ಕೂಡಿಸಿದ್ದ, ನಾನು ಬೀಗ ಹಾಕಿದ್ದ ಮೇನ್ ಸ್ವಿಚ್ಚಿನ ಹಿಡಿ ಮೇಲೆ ಹೋಯ್ತು.

ಸ್ವಿಚ್ಚಿನಿಂದ ಮಷೀನ್ ಸ್ಟಾರ್ಟ್ ಮಾಡೋ ಹಸಿರು ಬಟನ್ನಿಗೆ ಆರು ಹೆಜ್ಜೆ. ಒಳಗೆ ಇಳಿಯೋ ಮುಂಚೆ ನಾನೇ ಅಳೆದಿದ್ದೆ. ರಿಪೋರ್ಟಿಗೆ ಬೇಕಿತ್ತು!

ಒಂದು... ಎರಡು...

"ಲೋ! ಒಳಗಿದೀನಿ ಕಣೋ!"

ಗಂಟಲು ಹರಿಯೋ ಹಾಗೆ ಕಿರುಚಿದೆ. ಯಾರು ಕೇಳ್ತಾರೆ? ಪಕ್ಕದಲ್ಲಿ ಪ್ಯಾಕಿಂಗ್ ಮಷೀನುಗಳ ಗದ್ದಲ. ಹೊರಗಿರೋನ ಕಿವೀಲಿ ಇಯರ್‌ಪ್ಲಗ್ಗು. ಕಿವಿ ಕಾಪಾಡೋ ನಿಯಮ ರೀ! ಆ ಫ್ಯಾಕ್ಟರೀಲಿ ಎಲ್ಲರೂ ಚಾಚೂ ತಪ್ಪದೆ ಪಾಲಿಸ್ತಿದ್ದ ನಿಯಮ ಅದೊಂದೇ.

ಮೂರು... ನಾಲ್ಕು...

ಮೊಬೈಲ್ ಬಿಸಾಕಿದೆ. ಶಾಫ್ಟ್ ಮೇಲೆ ಕಾಲಿಟ್ಟೆ. ಸೋಪಿನ ಪುಡಿ... ಜಾರಿತು! ಮತ್ತೆ ಇಟ್ಟೆ. ಎರಡೂ ಮೊಣಕೈ ಬಾಯಿಯ ಅಂಚಿಗೆ ಸಿಕ್ಕಿಸಿ ಮೈನೆಲ್ಲ ಮೇಲಕ್ಕೆಳೆದೆ.

ಐದು... ಆರು...

ಗೇರ್‌ಬಾಕ್ಸ್ ನರಳಿತು. ಬ್ಲೇಡು ತಿರುಗ್ತು. ಬಲಗಾಲಿನ ಶೂ ಹಿಡಿದು ಎಳೀತು!

ಶೂ ಅದಕ್ಕೆ ಬಿಟ್ಟೆ. ಕಾಲು ನಾನಿಟ್ಕೊಂಡೆ. ಆ ವ್ಯಾಪಾರದಲ್ಲಿ ನನಗೆ ನಷ್ಟವಿಲ್ಲ.

ಪ್ಲಾಟ್‌ಫಾರ್ಮ್ ಮೇಲೆ ದೊಪ್ಪಂತ ಬಿದ್ದು ಕೆಳಗೆ ನೋಡಿದೆ. ಖಾಕಿ ಅಂಗಿಯ ಒಂದು ಬೆನ್ನು ಆರಾಮಾಗಿ ನಡ್ಕೊಂಡು ಹೋಗ್ತಿತ್ತು. ತಲೆ ಅತ್ತಿತ್ತ ತೂಗ್ತಿತ್ತು.

ಕೊಲೆಗಾರ ಹಾಡು ಗುನುಗ್ತಿದ್ದ!

ಏಣಿ ಇಳಿದು ಕೆಂಪು ಬಟನ್ನಿಗೊಂದು ಗುದ್ದು ಕೊಟ್ಟು ಓಡಿದೆ. ಅವನು ತಿರುಗಿ ನೋಡಿದ. ಅಡಿಯಿಂದ ಮುಡಿವರೆಗೆ ಬಿಳೀ ಪುಡಿ ಮೆತ್ತಿಕೊಂಡು, ಒಂದೇ ಶೂ ಹಾಕ್ಕೊಂಡು, ಬಾಯಿಗೆ ಬಂದದ್ದು ಬೈತಾ ಬರ್ತಿರೋ ಆಕೃತಿ... ನಾನಾಗಿದ್ರೂ ಓಡ್ತಿದ್ದೆ. ಅವನು ಓಡಿದ!

ಮೂಟೆಗಳ ಸಂದೀಲಿ ಎಡಕ್ಕೆ. ಕನ್ವೇಯರ್ ಕೆಳಗೆ ನುಸಿದು ಬಲಕ್ಕೆ. "ನಿಧಾನ ನಡೆಯಿರಿ, ನೆಲ ಜಾರುತ್ತದೆ" ಅನ್ನೋ ಬೋರ್ಡಿನ ಕೆಳಗೇ ಇಬ್ಬರೂ ಜಾರಿ ಬಿದ್ವಿ. ಎದೆ ಮೇಲೆ ಕೂತೆ. ಕಾಲರ್ ಹಿಡಿದು ಇಯರ್‌ಪ್ಲಗ್ ಕಿತ್ತೆ.

"ಯಾರು ಕಳಿಸಿದ್ದು ನಿನ್ನ? ಬೊಗಳು!"

"ಯಾರೂ ಇಲ್ಲ ಸಾರ್... ಎರಡು ಗಂಟೆ ಶಿಫ್ಟು ನಂದು... ಮಷೀನ್ ಆನ್ ಮಾಡ್ದೆ ಅಷ್ಟೇ!"

"ನಾನು ಒಳಗಿದ್ದೆ!"

ಅವನ ಮುಖ ನನ್ನ ಮೈಗಿಂತ ಬೆಳ್ಳಗಾಯ್ತು.

"ಅಯ್ಯೋ ದೇವರೇ... ಮತ್ತೆ ಬೀಗ ಹಾಕ್ಕೊಳ್ಳೋದಲ್ವಾ ಸಾರ್?"

ಕೇಳಿ! ನನಗೇ ಬುದ್ಧಿ ಹೇಳ್ತಾನೆ!

ನಾನ್ಯಾರು ಅಂತ ಹೇಳಲಿಲ್ಲ ಅಲ್ವಾ? ಫ್ಯಾಕ್ಟರೀಲಿ ಯಾರದಾದ್ರೂ ಕೈಯೋ ಕಾಲೋ ಹೋದ್ರೆ ಅಲ್ಲಿನ ಮ್ಯಾನೇಜರಿಂದ ನನಗೆ ಫೋನ್ ಬರುತ್ತೆ, ಫೀಸೂ ಅವರದೇ. ಹೋಗ್ತೀನಿ, ನೋಡ್ತೀನಿ, ರಿಪೋರ್ಟ್ ಬರೀತೀನಿ. ಕಾರಣ ಅನ್ನೋ ಕಡೆ ಎರಡು ಪದ: ಮಾನವ ದೋಷ. ಹನ್ನೊಂದು ವರ್ಷದಿಂದ ಅದನ್ನೇ ಬರೀತಿದೀನಿ. ಮಷೀನಿಗೆ ಬಾಯಿಲ್ಲ, ಮ್ಯಾನೇಜರಿಗೆ ಟೈಮಿಲ್ಲ. ಉಳಿದೋನು ಆಸ್ಪತ್ರೇಲಿ ಮಲಗಿರೋ ಮನುಷ್ಯ. ಸತ್ಯ ಹೇಳ್ತೀನಿ, ನನಗೂ ಅದು ಅಭ್ಯಾಸ ಆಗ್ಬಿಟ್ಟಿತ್ತು.

ಈ ಸಲದ ಮನುಷ್ಯ ಒಬ್ಬ ಫಿಟ್ಟರ್. ಮೂರು ದಿನದ ಹಿಂದೆ, ಶಿಫ್ಟ್ ಬದಲಾಗೋ ಹೊತ್ತಲ್ಲಿ, ಇದೇ ಮಿಕ್ಸರಿಗೆ ಇಳಿದು ಸಡಿಲಾದ ಬ್ಲೇಡು ಬಿಗಿ ಮಾಡ್ತಿದ್ದ. ಮಷೀನ್ ತಿರುಗಿತು. ಎಡಗಾಲು ಮೊಣಕಾಲಿನ ಕೆಳಗೆ ಹೋಯ್ತು.

ಅಲ್ಲಿ ಕ್ರಮ ಏನಪ್ಪಾ ಅಂದ್ರೆ, ಮಷೀನ್ ಒಳಗೆ ಇಳಿಯೋನು ಮೇನ್ ಸ್ವಿಚ್ಚು ಆಫ್ ಮಾಡಿ, ಅದಕ್ಕೆ ತನ್ನ ಕೆಂಪು ಬೀಗ ಹಾಕಿ, ಕೀ ಜೇಬಲ್ಲಿಟ್ಕೊಂಡು ಇಳೀಬೇಕು. ಎಂಬತ್ತು ಜನಕ್ಕೆ ಎಂಬತ್ತು ಬೀಗ. ಒಂದೊಂದರ ಮೇಲೂ ಅವರವರ ಫೋಟೋ. ಗೋಡೆ ಮೇಲೆ ಹಸಿರು ಬೋರ್ಡು, ಸಾಲಾಗಿ ಮೊಳೆ, ಮೊಳೆಗೊಂದು ಬೀಗ. ನೋಡೋಕೆ ಎಷ್ಟು ಚೆಂದ ಅಂತೀರಾ! ಫಿಟ್ಟರನ್ನ ಹೊರಗೆಳೆದಾಗ ಅವನ ಬೀಗ ಅದೇ ಬೋರ್ಡಲ್ಲಿ, ಅವನ ಮೊಳೆಗೇ ತೂಗ್ತಿತ್ತಂತೆ. ಅಂದಮೇಲೆ ಹಾಕೇ ಇಲ್ಲ. ಮರೆತ. ಕೇಸ್ ಖಲಾಸ್!

ಹಿಂದಿನ ದಿನ ಆಸ್ಪತ್ರೆಗೆ ಹೋಗಿ ಕೇಳಿದ್ದೆ. "ಹಾಕಿದ ನೆನಪಿದೆ ಸಾರ್" ಅಂದ ಫಿಟ್ಟರ್. ಮೂವತ್ತು ದಾಟಿರದ ಹುಡುಗ. "ಆದ್ರೆ ಎಲ್ಲರೂ ಹಾಕಿಲ್ಲ ಅಂತಿದಾರೆ. ಭಾವನೂ ಅಂತಿದಾರೆ. ಅಷ್ಟು ಜನ ಸುಳ್ಳು ಹೇಳ್ತಾರಾ? ನಾನೇ ಮರೆತಿರಬೇಕು ಬಿಡಿ." ಕಾಲು ಹೋದ ಸಂಕಟಕ್ಕಿಂತ ಆ ಅನುಮಾನ ಅವನನ್ನ ಜಾಸ್ತಿ ತಿಂತಿತ್ತು. ತನ್ನ ಕಾಲು ತಾನೇ ಕಡ್ಕೊಂಡೆನಾ ಅಂತ ರಾತ್ರಿಯೆಲ್ಲ ಸೂರು ನೋಡ್ತಾ ಮಲಗಿರ್ತಿದ್ದನಂತೆ.

ಭಾವ ಅಂದ್ನಲ್ಲ... ನಾನು ಎದೆ ಮೇಲೆ ಕೂತಿದ್ದು ಆ ಭಾವನ ಮೇಲೇನೇ! ಮಿಕ್ಸರ್ ಆಪರೇಟರ್, ಆವತ್ತು ಮಷೀನ್ ಆನ್ ಮಾಡಿದ್ದೂ ಇವನೇ. ಫಿಟ್ಟರನ ಅಕ್ಕನ ಗಂಡ. ಸದಾ ಏನಾದ್ರೂ ಗುನುಗ್ತಿರ್ತಾನೆ, ಅದಕ್ಕೆ ಊರೆಲ್ಲ ಗುನುಗಪ್ಪ ಅಂತಾರೆ.

ಅವನನ್ನ ಎಬ್ಬಿಸಿ ಬೋರ್ಡಿನ ಹತ್ತಿರ ಎಳ್ಕೊಂಡು ಬಂದೆ. ಕೊನೇ ಮೊಳೆಯಲ್ಲಿ, "ಅತಿಥಿ" ಅಂತ ಬರೆದಿದ್ದ ನನ್ನ ಬೀಗ ನೆಟ್ಟಗೆ ತೂಗ್ತಿತ್ತು.

"ಇದನ್ನ ನಾನು ಸ್ವಿಚ್ಚಿಗೆ ಹಾಕಿದ್ದೆ. ಇಲ್ಲಿಗೆ ತಂದಿಟ್ಟಿದ್ದು ಯಾರು?"

"ಗೊತ್ತಿಲ್ಲ ಸಾರ್. ಸ್ವಿಚ್ಚಲ್ಲಿ ಬೀಗ ಇರಲಿಲ್ಲ. ಮಕ್ಕಳಾಣೆ!"

"ನಿನ್ನ ಬಲಗೈ ಬಿಚ್ಚು."

ಬಿಚ್ಚಿದ. ಅಂಗೈಯಲ್ಲಿ ಕೀ ಇತ್ತು. ಬಿಗಿಯಾಗಿ ಹಿಡಿದು ಹಿಡಿದು ಅಚ್ಚು ಮೂಡಿತ್ತು.

ಅವನು ತನ್ನ ಕೈಯನ್ನೇ ನೋಡ್ತಾ ನಿಂತ. ಸುಳ್ಳು ಹೇಳೋರ ಮುಖ ನಾನು ಬೇಕಾದಷ್ಟು ನೋಡಿದೀನಿ. ಇದು ಆ ಮುಖ ಅಲ್ಲ. ಅವನಿಗೆ ನಿಜವಾಗ್ಲೂ ಗೊತ್ತಿರಲಿಲ್ಲ!

ಆ ಕೀ ಕಿತ್ಕೊಂಡು ನನ್ನ ಬೀಗಕ್ಕೆ ಹಾಕಿದೆ. ಟಕ್! ಪಕ್ಕದ ಬೀಗಕ್ಕೆ ಹಾಕಿದೆ. ಟಕ್! ಆಮೇಲೆ ಫಿಟ್ಟರನ ಫೋಟೋ ಇರೋ ಬೀಗ. ಟಕ್!

"ಏನಯ್ಯಾ ಇದು?"

"ಎಲ್ಲಾ ಕೀನೂ ಎಲ್ಲಾ ಬೀಗಕ್ಕೂ ಆಗುತ್ತೆ ಸಾರ್" ಅಂದ, ಇದೇನು ಮಹಾ ಅನ್ನೋ ಹಾಗೆ. "ಬೆಳಗಿನ ಶಿಫ್ಟಿನೋರಿಗೆ ಬಸ್ಸು ಎರಡೂ ಐದಕ್ಕೆ. ಎದ್ದೆನೋ ಬಿದ್ದೆನೋ ಅಂತ ಓಡ್ತಾರೆ. ಅರ್ಧ ಜನ ಬೀಗ ಸ್ವಿಚ್ಚಲ್ಲೇ ಬಿಟ್ಟುಹೋಗ್ತಾರೆ. ನಾವು ಬಂದೋರು ತೆಗೆದು ಅವರವರ ಮೊಳೆಗೆ ಹಾಕ್ತೀವಿ. ದಿನಾ ಇದ್ದದ್ದೇ."

"ದಿನಾ?"

"ದಿನಾ ಸಾರ್. ಯಾರದೋ ಬಿಟ್ಟುಹೋದ ಬೀಗ ಅಂತ..."

ಬೋರ್ಡಲ್ಲಿದ್ದ ಭಾಮೈದನ ಫೋಟೋ ಅವನ ಕಣ್ಣಿಗೆ ಬಿತ್ತು.

"ಹಾಗಾದ್ರೆ... ಮೊನ್ನೆ..."

ಹೌದು ಅಂತ ತಲೆ ಆಡಿಸಿದೆ.

ಗುನುಗಪ್ಪ ಗೋಡೆಗೊರಗಿ ನೆಲಕ್ಕೆ ಕುಸಿದ. ಮೂರು ದಿನದಿಂದ ಮನೇಲಿ ಹೆಂಡತಿ ಎದುರು "ನಿನ್ನ ತಮ್ಮನಿಗೆ ಸ್ವಲ್ಪನಾದ್ರೂ ಜವಾಬ್ದಾರಿ ಬೇಡ್ವಾ" ಅಂತ ಬೈತಿದ್ದನಂತೆ. ಎರಡೂ ಕೈಯಿಂದ ಹಣೆ ಹಣೆ ಚಚ್ಚಿಕೊಂಡ. ಹನ್ನೊಂದು ವರ್ಷದಲ್ಲಿ ಮೊದಲ ಸಲ, ಮಾನವ ದೋಷ ಅನ್ನೋದು ನನ್ನೆದುರು ಕೂತು ಬಿಕ್ಕಿ ಬಿಕ್ಕಿ ಅಳ್ತಿತ್ತು.

ಸ್ಟೋರ್ಸಿಗೆ ಹೋದೆ. ಸ್ಟೋರ್ ಕೀಪರ್ ಕನ್ನಡಕದ ಮೇಲಿಂದ ನನ್ನ ಒಂಟಿ ಶೂ ನೋಡಿದ.

"ಒಂದೇ ಕೀ ಯಾಕೆ ಸ್ವಾಮೀ?"

"ಮುಂಚೆ ಬೇರೆ ಬೇರೆನೇ ಇತ್ತು. ಒಬ್ಬ ಕೀ ಕಳ್ಕೊಂಡ. ಬೀಗ ಒಡೆಯೋಷ್ಟರಲ್ಲಿ ಅರ್ಧ ಶಿಫ್ಟು ಪ್ರೊಡಕ್ಷನ್ ನಿಂತೋಯ್ತು. ಮ್ಯಾನೇಜರ್ ಸಾಹೇಬ್ರು ಕೂಗಾಡಿ, ಎಲ್ಲಕ್ಕೂ ಒಂದೇ ಕೀ ಇರೋ ಸೆಟ್ ತರಿಸು ಅಂದ್ರು."

"ಬರೆದು ಕೊಟ್ಟಿದಾರಾ?"

"ಬರೆದು ಕೊಡೋಷ್ಟು ದಡ್ಡರಾ ಅವರು? ಬಾಯಲ್ಲೇ ಹೇಳಿದ್ರು."

ಅಂದ್ರೆ ಸಾಕ್ಷಿ ಇರೋದು ಬೋರ್ಡಿನ ಮೇಲಿರೋ ಬೀಗಗಳೇ. ಫೋಟೋ ತೆಗೀಬೇಕು. ನನ್ನ ಮೊಬೈಲು ಮಿಕ್ಸರಲ್ಲಿ ಸೋಪಿನ ಜೊತೆ ಕಲೆಸಿಹೋಗಿತ್ತು. ಗೇಟಿನ ಹತ್ತಿರ ನಿಲ್ಲಿಸಿದ್ದ ಕಾರಲ್ಲಿ ಕ್ಯಾಮೆರಾ ಇತ್ತು, ತರೋಕೆ ಹೋದೆ. ಬೀಗಗಳನ್ನ ಅಲ್ಲೇ ಬಿಟ್ಟು! ಅನುಭವಸ್ಥ ನೋಡಿ ನಾನು!

ವಾಪಸ್ ಬಂದ್ರೆ ಬೋರ್ಡು ಬೋಳು. ಮೊಳೆ ಮಾತ್ರ ಉಳಿದಿದ್ವು.

ಅದರ ಪಕ್ಕದಲ್ಲಿ ಮ್ಯಾನೇಜರ್ ನಿಂತಿದ್ದ. ಮಡಿಕೆ ಮುರಿಯದ ಬಿಳೀ ಶರ್ಟು. ಕಾರ್ಮಿಕರು ಅವನಿಗಿಟ್ಟ ಹೆಸರು ಇಸ್ತ್ರಿ. ಅಕ್ಕಪಕ್ಕ ಇಬ್ಬರು ಸೆಕ್ಯೂರಿಟಿ ದಾಂಡಿಗರು.

"ಹಳೇ ಬೀಗ ರೀ. ತುಕ್ಕು. ಸ್ಕ್ರ್ಯಾಪಿಗೆ ಕಳಿಸಿದ್ವಿ" ಅಂದ ಇಸ್ತ್ರಿ. "ನೀವು ಯಾಕೆ ಸುಮ್ನೆ ತಲೆ ಕೆಡಿಸ್ಕೋತೀರಿ? ನಾಲ್ಕು ಗಂಟೆಗೆ ಸೇಫ್ಟಿ ಕಮಿಟಿ ಇದೆ. ಆ ಎರಡು ಪದ ಬರೆದ್ಬಿಡಿ."

"ಬರೀದಿದ್ರೆ?"

"ಸುತ್ತಮುತ್ತ ಇನ್ನೂರು ಫ್ಯಾಕ್ಟರಿ ಇದೆ. ಇನ್ನೂರು ಮ್ಯಾನೇಜರೂ ನನಗೆ ಪರಿಚಯ. ಒಬ್ಬರೂ ನಿಮ್ಮನ್ನ ಗೇಟೊಳಗೆ ಬಿಟ್ಕೊಳ್ಳಲ್ಲ. ಜೊತೆಗೆ... ನೆಲ ಜಾರುತ್ತೆ. ಎಲ್ಲಾದ್ರೂ ಬಿದ್ದೀರಿ!"

ಆಗ ಹೊರಗೆ ಲಾರಿ ಸ್ಟಾರ್ಟ್ ಆದ ಶಬ್ದ.

ದಾಂಡಿಗರಲ್ಲಿ ಒಬ್ಬ ತೋಳು ಹಿಡಿದ. ತೋಳಿನ ಮೇಲೆಲ್ಲ ಸೋಪು... ಅವನ ಕೈಲಿ ನಾನು ನಿಲ್ತೀನಾ? ಜಾರಿಕೊಂಡು ಬಾಗಿಲು ದಾಟಿದೆ!

ಕಾಂಪೌಂಡಿನ ರಸ್ತೇಲಿ ಸ್ಕ್ರ್ಯಾಪ್ ಲಾರಿ ಗೇಟಿನ ಕಡೆ ಹೊರಟಿತ್ತು. ಗೋಡೆಗೊರಗಿಸಿದ್ದ ಯಾರದೋ ಸೈಕಲ್ ಹತ್ತಿದೆ. ಹಿಂದೆ ಇಬ್ಬರು ದಾಂಡಿಗರು, ಮುಂದೆ ಲಾರಿ, ನಡುವೆ ಒಂಟಿ ಶೂನ ನಾನು. ಕಾಂಪೌಂಡಲ್ಲಿ ಸ್ಪೀಡ್ ಲಿಮಿಟ್ಟು ಗಂಟೆಗೆ ಹತ್ತು ಕಿಲೋಮೀಟರ್. ಲಾರಿ ಡ್ರೈವರ್ ಪುಣ್ಯಾತ್ಮ ಅದನ್ನ ಮೀರಲಿಲ್ಲ! ಇಂಥ ಚೇಸು ಎಲ್ಲೂ ನೋಡಿರಲಿಕ್ಕಿಲ್ಲ ನೀವು. ರಸ್ತೆಯ ಉಬ್ಬು ಬಂದಾಗೆಲ್ಲ ಲಾರಿ ನಿಧಾನ ಆಗ್ತಿತ್ತು, ನಾನು ಹಾರಿ ಬೀಳ್ತಿದ್ದೆ. ದಾಂಡಿಗರು ನೂರು ಮೀಟರಿಗೇ ಏದುಸಿರು ಬಿಟ್ಟು ಸೊಂಟ ಹಿಡ್ಕೊಂಡು ನಿಂತ್ರು.

ಗೇಟಿಗೆ ಮುಂಚೆ, ತೂಕ ನೋಡೋ ಕಟ್ಟೆ ಮೇಲೆ ಲಾರಿ ನಿಲ್ಲಲೇಬೇಕು. ನಿಂತಿತು. ಸೈಕಲ್ ಬಿಟ್ಟು ಹಿಂದಿನಿಂದ ಹತ್ತಿದೆ. ತಗಡು, ಪೈಪು, ಮುರುಕಲು ಡ್ರಮ್ಮು... ಮೂಲೇಲಿ ಒಂದು ಗೋಣಿಚೀಲ. ಅಲ್ಲಾಡಿಸಿದೆ. ಝಲ್!

"ಏಯ್, ಯಾರ್ರೀ ನೀವು?" ಅಂತ ಡ್ರೈವರ್ ತಲೆ ಹೊರಗೆ ಹಾಕಿದ.

"ಸೇಫ್ಟಿ!" ಅಂದೆ.

"ಓ... ಸರಿ ಸಾರ್" ಅಂತ ಸೀಟ್ ಬೆಲ್ಟ್ ಹಾಕ್ಕೊಂಡ. ಪಾಪ.

ನಾಲ್ಕು ಗಂಟೆ.

ಉದ್ದನೆ ಟೇಬಲ್ಲು. ಎಂಟು ಜನ ಕಮಿಟಿ ಸದಸ್ಯರು. ರಿಪೋರ್ಟು ಅವತ್ತೇ ಸರ್ಕಾರಿ ಆಫೀಸಿಗೆ ಹೋಗಬೇಕು, ಎಂಟು ಸಹಿ ಬೀಳಬೇಕು. ಇಲ್ಲಾಂದ್ರೆ ಅವರೇ ಬಂದು ಮಿಕ್ಸರಿಗೆ ಸೀಲ್ ಹಾಕ್ತಾರೆ. ಆ ಎಂಟರಲ್ಲಿ ಗುನುಗಪ್ಪ ಒಬ್ಬ. ತಲೆ ಎತ್ತದೆ ಕೂತಿದ್ದ. ಪಕ್ಕದಲ್ಲಿ ಇನ್ನೊಬ್ಬ ಸದಸ್ಯೆ, ಅವನ ಹೆಂಡತಿ, ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕಿ. ಫಿಟ್ಟರನ ಒಡಹುಟ್ಟಿದ ಅಕ್ಕ. ಅತ್ತೂ ಅತ್ತೂ ಕಣ್ಣು ಊದಿತ್ತು.

ಇಸ್ತ್ರಿ ಒಂದು ಕಾಗದ ಎತ್ತಿ ಹಿಡಿದ. "ಫಿಟ್ಟರ್ ತಾನೇ ಒಪ್ಕೊಂಡಿದಾನೆ. ನಾನು ಬೀಗ ಹಾಕಲು ಮರೆತೆ ಅಂತ. ಮಧ್ಯಾಹ್ನ ಆಸ್ಪತ್ರೇಲಿ ಸಹಿ ಹಾಕಿದ. ಇನ್ನೇನು, ನೀವೂ ಒಂದೊಂದು ಸಹಿ ಹಾಕಿ, ಟೀ ಕುಡೀರಿ."

ಪೆನ್ನುಗಳು ಎದ್ದವು. ಓದೋ ಅಭ್ಯಾಸ ಆ ಕಮಿಟಿಗೆ ಇರಲಿಲ್ಲ.

ನಾನು ಗೋಣಿಚೀಲ ಟೇಬಲ್ ಮೇಲೆ ಸುರಿದೆ. ಟೀ ಲೋಟ ಉರುಳಿತು. ಇಸ್ತ್ರಿಯ ಬಿಳೀ ಶರ್ಟಿಗೆ ಒಂದಷ್ಟು ಬಿತ್ತು.

"ಎಲ್ಲರೂ ನಿಮ್ಮ ನಿಮ್ಮ ಕೀ ತೆಗೀರಿ. ರಾಶೀಲಿ ಯಾವ ಬೀಗಕ್ಕಾದ್ರೂ ಹಾಕಿ ತೆಗೀರಿ."

ಟಕ್. ಟಕ್. ಟಕ್.

"ಇದೇನು ಹೊಸದಾ ಸಾರ್? ನಮಗೆಲ್ಲ ಗೊತ್ತಲ್ಲ" ಅಂದ ಒಬ್ಬ.

"ಗೊತ್ತಿರೋದೇ ತೊಂದರೆ!" ಅಂದೆ.

ಗುನುಗಪ್ಪ ಎದ್ದು ನಿಂತ. ಹೆಂಡತಿ ಕಡೆ ತಿರುಗಿದ.

"ಏನ್ರೀ?" ಅಂದಳು ಹೆಂಡತಿ. "ಏನಾಯ್ತು ಹೇಳ್ರೀ."

"ನಿನ್ನ ತಮ್ಮ ಬೀಗ ಹಾಕಿದ್ದ ಕಣೇ. ತೆಗೆದಿದ್ದು ನಾನು... ಯಾರೋ ಬಿಟ್ಟುಹೋಗಿದಾರೆ ಅಂತ ತೆಗೆದು ಮೊಳೆಗೆ ಹಾಕಿದೆ. ಹಾಕಿದ್ದೂ ನೆನಪಿಲ್ಲ. ಇವತ್ತು ಈ ಸಾರನ್ನೂ ಹಾಗೇ ಸಾಯಿಸ್ತಿದ್ದೆ."

ಅವನು ಸುಮ್ಮನಿದ್ದಿದ್ರೆ ನನ್ನ ಬಿಟ್ಟು ಯಾರಿಗೂ ತಿಳೀತಿರಲಿಲ್ಲ. ಸಹಿ ಹಾಕಿ ಟೀ ಕುಡೀಬಹುದಿತ್ತು. ಆ ಮನುಷ್ಯನ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆಗಲೇ.

ಇಸ್ತ್ರಿಗೆ ಹುಟ್ಟಿದ್ದು ಬೇರೆ! ಮುಖ ಅರಳಿತು.

"ನೋಡಿದ್ರಾ? ಆಪರೇಟರೇ ಒಪ್ಕೊಂಡ! ಆಯ್ತು, ಹೆಸರು ಬದಲಾಯಿಸಿ. ಫಿಟ್ಟರ್ ಅಲ್ಲ, ಆಪರೇಟರ್. ಮಾನವ ದೋಷ ಹಾಗೇ ಇರಲಿ. ಇವನನ್ನ ಇವತ್ತೇ ಮನೆಗೆ ಕಳಿಸ್ತೀನಿ."

ನೋಡಿ ಎಷ್ಟು ಸುಲಭ! ಅವನಿಗೆ ಬೇಕಿದ್ದು ಒಬ್ಬ ಮನುಷ್ಯ. ಯಾರಾದ್ರೂ ಆದೀತು.

ರಾಶಿಯಿಂದ ಒಂದು ಬೀಗ ಎತ್ತಿ ಇಸ್ತ್ರಿ ಮುಂದಿಟ್ಟೆ.

"ಬರೀತೀನಿ ಸಾರ್. ಒಂದೇ ಒಂದು ಪರೀಕ್ಷೆ. ಈ ಬೀಗ ನೀವೇ ಸ್ವಿಚ್ಚಿಗೆ ಹಾಕಿ. ಕೀ ನಿಮ್ಮ ಜೇಬಲ್ಲೇ ಇರಲಿ. ಮಿಕ್ಸರ್ ಒಳಗೆ ಇಳಿದು ಹತ್ತು ನಿಮಿಷ ಕೂತು ಬನ್ನಿ."

"ಏನ್ರೀ ಹುಡುಗಾಟ?"

"ಹೊರಗೆ ಕೀ ಇರೋರು ಎಂಬತ್ತು ಜನ. ಎಲ್ಲರೂ ಒಳ್ಳೆಯವರೇ, ಕೆಲಸ ಗೊತ್ತಿರೋರೇ. ನಿಮ್ಮ ಪ್ರಕಾರ ಬೀಗದಲ್ಲಿ ದೋಷ ಇಲ್ಲ, ಮನುಷ್ಯರಲ್ಲಿ ಮಾತ್ರ ಇದೆ. ಹಾಗಿದ್ರೆ ಭಯ ಏನು? ಇಳೀರಿ!"

"ನನಗೆ... ನನಗೆ ಬೇರೆ ಮೀಟಿಂಗ್ ಇದೆ."

"ಐದು ನಿಮಿಷ ಸಾಕು."

ಇಸ್ತ್ರಿ ಬೀಗ ಮುಟ್ಟಲಿಲ್ಲ. ಕುರ್ಚೀನ ಹಿಂದಕ್ಕೆ ಸರಿಸಿದ. ಕಂಕುಳಲ್ಲಿ ಶರ್ಟು ಒದ್ದೆಯಾಗಿತ್ತು. ಎಂಟು ಜನ ಅವನನ್ನೇ ನೋಡ್ತಿದ್ರು. ಬಹುಶಃ ಮೊದಲ ಸಲ.

ಅಕ್ಕ ಎದ್ದಳು. ದನಿ ಜೋರಿರಲಿಲ್ಲ.

"ನೀವು ಐದು ನಿಮಿಷ ಕೂರೋಕೆ ಹೆದರೋ ಜಾಗಕ್ಕೆ ನನ್ನ ತಮ್ಮನ್ನ ದಿನಾ ಇಳಿಸ್ತಿದ್ರಾ ಸಾರ್?"

ತಮ್ಮನ ಸಹಿ ಇದ್ದ ಕಾಗದ ತಗೊಂಡು ಹರಿದಳು. ಪೆನ್ನಿನ ಮುಚ್ಚಳ ಹಾಕಿದಳು. ಪಕ್ಕದವನೂ ಹಾಕಿದ. ಒಬ್ಬೊಬ್ಬರಾಗಿ ಎಂಟೂ ಪೆನ್ನು ಮುಚ್ಚಿದ್ವು.

"ಸಹಿ ಹಾಕ್ರೋ! ಮಿಕ್ಸರಿಗೆ ಸೀಲ್ ಬೀಳುತ್ತೆ!" ಅಂತ ಇಸ್ತ್ರಿ ಕಿರುಚಿದ.

"ಬೀಳ್ಲಿ ಬಿಡಿ ಸಾರ್" ಅಂದ ಯಾರೋ. "ಸ್ಟಾರ್ಟ್ ಆಗಲ್ವಲ್ಲ, ಅಷ್ಟು ಸಾಕು."

ಹೊಸ ರಿಪೋರ್ಟು ನಾನು ಅಲ್ಲೇ ಕೂತು ಕೈಯಲ್ಲಿ ಬರೆದೆ. ಫಿಟ್ಟರ್ ಬೀಗ ಹಾಕಿದ್ದ. ಎಲ್ಲ ಬೀಗಕ್ಕೂ ಒಂದೇ ಕೀ ತರಿಸಿದ್ದು ಮ್ಯಾನೇಜರ್. ಶಿಫ್ಟ್ ಬದಲಾಗೋವಾಗ ಒಬ್ಬರಿಗೊಬ್ಬರು ಹೇಳಿಹೋಗೋಕೆ ಬಸ್ಸು ಬಿಡಲ್ಲ. ಬಿಟ್ಟುಹೋದ ಬೀಗ ತೆಗೆಯೋದು ದಿನದ ಅಭ್ಯಾಸ. ಆ ಜಾಗದಲ್ಲಿ ಯಾರಿದ್ರೂ ಅದನ್ನೇ ಮಾಡ್ತಿದ್ರು. ಎಂಟು ಸಹಿ ಬಿತ್ತು. ಈ ಸಲ ಓದಿ ಹಾಕಿದ್ರು, ಒಬ್ಬಳಂತೂ ಎರಡು ಸಲ ಓದಿದಳು. ಸೀಲಿಗೆ ಹೆದರಿದ ಇಸ್ತ್ರಿ ಒಂಬತ್ತನೆಯದು ಹಾಕಿದ. ಇನ್ನೂರು ಗೇಟು ನನಗೆ ಮುಚ್ಚಿದ್ದು ಆ ನಿಮಿಷವೇ.

ಸಂಜೆ ಆಸ್ಪತ್ರೆಗೆ ಹೋದೆ. ಗುನುಗಪ್ಪನೂ ಬಂದಿದ್ದ. ವಾರ್ಡಿನ ಬಾಗಿಲಾಚೆ ಗೋಡೆ ಹಿಡ್ಕೊಂಡು ನಿಂತ, ಒಳಗೆ ಬರೋ ಧೈರ್ಯ ಇರಲಿಲ್ಲ. ಅಕ್ಕ ತಮ್ಮನ ಮಂಚದ ಮೇಲೆ ಕೂತು ಎಲ್ಲಾ ಹೇಳಿದಳು. ಒಂದನ್ನೂ ಮುಚ್ಚಿಡಲಿಲ್ಲ.

ಫಿಟ್ಟರ್ ನನ್ನ ಕಡೆ ತಿರುಗಿದ.

"ಹಾಗಾದ್ರೆ ನಾನು ಮರೀಲಿಲ್ವಾ ಸಾರ್?"

"ಇಲ್ಲ."

"ಇನ್ನೊಂದ್ಸಲ ಹೇಳಿ."

"ನೀನು ಬೀಗ ಹಾಕಿದ್ದೆ. ಮರೀಲಿಲ್ಲ."

ಅವನು ಕಣ್ಣು ಮುಚ್ಚಿದ. ಕೆನ್ನೆ ಮೇಲೆ ನೀರಿಳೀತು, ತುಟಿ ಮಾತ್ರ ನಗ್ತಿತ್ತು. ಆಮೇಲೆ ಬಾಗಿಲ ಕಡೆ ನೋಡಿ ಕೂಗಿದ.

"ಬನ್ನಿ ಭಾವ, ಒಳಗೆ ಬನ್ನಿ. ಎಷ್ಟೊತ್ತು ನಿಂತ್ಕೊಂಡೇ ಇರ್ತೀರಾ? ಎರಡು ಕಾಲಿದೆ ಅಂತ ಜಂಬಾನಾ?"